ಅಕ್ಕಯಮ್ಮನ ಅಂಗೈ

ಅಕ್ಕಯಮ್ಮ ಕೂತಲ್ಲಿ ಕೂರುವ ಹೆಂಗಸಲ್ಲ. ಶಿಡ್ಲಘಟ್ಟದ ತನ್ನ ಮನೆಯ ಹಿತ್ತಲಲ್ಲಿ ಹಂಡೆ ಹೂಡಿ, ಸಾಹುಕಾರ ಚಲಪತಿ ಕಳಿಸುವ ರೇಷ್ಮೆ ನೂಲನ್ನು ಸೋಪು, ಸೋಡಾ ಹಾಕಿ ಬೇಯಿಸಿ ಅಂಟು ಬಿಡಿಸುವುದು ಅವಳ ಕಸುಬು. ಹನ್ನೆರಡು ವರ್ಷದಲ್ಲಿ ನೂಲಿನ ಒಂದು ಲಡಿಯೂ ಕೆಟ್ಟಿರಲಿಲ್ಲ.

ಅದರ ಗುಟ್ಟು ಅವಳ ಅಂಗೈಯಲ್ಲಿತ್ತು. ಅಂಗೈಗೆ ಅರಿಶಿನ ಬಳಿದುಕೊಂಡು ಹಂಡೆಯ ನೀರನ್ನು ಒಂದು ತೊಟ್ಟು ಬಿಟ್ಟುಕೊಳ್ಳುವಳು. ಸೋಡಾ ಕ್ಷಾರ; ಅರಿಶಿನ ಕ್ಷಾರ ಕಂಡರೆ ಕೆಂಪಾಗುತ್ತದೆ. ತೆಳುಗೆಂಪಾದರೆ ಹದ, ಕಡುಗೆಂಪಾದರೆ ಅತಿ. ಬೆಂದ ಮೇಲೆ ನಿಂಬೆಹುಳಿ ಬೆರೆಸಿದ ನೀರಿನಲ್ಲಿ ಜಾಲಿಸುವಳು. ಹುಳಿ ಕ್ಷಾರವನ್ನು ಕೊಲ್ಲುತ್ತದೆ. ಆಮೇಲೆ ಲಡಿ ಹಿಂಡಿದ ನೀರು ಬಿದ್ದರೂ ಅರಿಶಿನ ಹಳದಿಯಾಗಿಯೇ ಉಳಿಯಬೇಕು. ಓದು ಬರಹ ಬಾರದವಳಿಗೆ ಇಷ್ಟು ರಸಾಯನಶಾಸ್ತ್ರ ಸಾಕಾಗಿತ್ತು.

ಐವತ್ತೆಂಟನೇ ಇಸವಿಯಲ್ಲಿ ಗಂಡ ಮುನಿಗಂಗಪ್ಪ ಜ್ವರ ಬಂದು ತೀರಿಕೊಂಡ. ಹನ್ನೊಂದನೇ ದಿನ ಹೆಂಗಸರು ಸೇರಿ ಅವಳ ಬಳೆ ಒಡೆದು ಕುಂಕುಮ ಅಳಿಸಿದರು. ಇನ್ನು ಮೈಗೆ ಅರಿಶಿನ ಸೋಕಿಸುವ ಹಾಗಿಲ್ಲ ಎಂದಳು ಅತ್ತೆ ಅಮ್ಮಾಜಮ್ಮ. ತಾನೂ ಗಂಡ ಹೋದಾಗಿನಿಂದ ಮೂವತ್ತು ವರ್ಷ ಮುಟ್ಟಿಲ್ಲವಂತೆ. ಸೋಡಾದ ಹದ ನೋಡುವುದಕ್ಕೂ ಗಂಡ ಸಾಯುವುದಕ್ಕೂ ಏನು ನಂಟು ಎಂದು ಕೇಳುವವರು ಅಲ್ಲಿ ಯಾರೂ ಇರಲಿಲ್ಲ.

ಅಕ್ಕಯಮ್ಮ ಕಣ್ಣಂದಾಜಿನಲ್ಲಿ ಸೋಡಾ ಹಾಕಿದಳು. ಬೇಲಿಯೇ ಎದ್ದು ಹೊಲ ಮೇಯ್ದ ಹಾಗೆ, ಅಂಟು ತಿನ್ನಬೇಕಾದ ಸೋಡಾ ರೇಷ್ಮೆಯನ್ನೇ ತಿಂದಿತು. ಲಡಿ ಲೋಳೆಯಾಗಿ ಬೆರಳಿಗೆ ಮೆತ್ತಿಕೊಂಡಿತು. ಇನ್ನೊಂದು ಸಲ ಹೀಗಾದರೆ ಕೆಲಸ ಚಿಂತಾಮಣಿ ಊರಿನವರ ಪಾಲು ಎಂದು ಚಲಪತಿ ಹೇಳಿಕಳಿಸಿದ. ಆ ಕೆಲಸ ಬಿಟ್ಟರೆ ಅತ್ತೆ ಸೊಸೆಗೆ ಅನ್ನದ ದಾರಿ ಬೇರೆ ಇರಲಿಲ್ಲ.

ಮುಂದಿನ ರೇಷ್ಮೆ ಬಂದ ದಿನ ಬೆಳಗಿನಿಂದ ಅವಳು ಹಂಡೆಯ ಸುತ್ತಲೇ ಸುತ್ತಿದಳು. ನಾಲಿಗೆಗೆ ಮುಟ್ಟಿಸಿ ನೋಡಿದಳು. ನಾಲಿಗೆ ಸುಟ್ಟಿತು, ಹದ ತಿಳಿಯಲಿಲ್ಲ. ಬಟ್ಟೆ ಚೂರಿಗೆ ಅರಿಶಿನ ಹಚ್ಚಿ ತೊಟ್ಟು ಬಿಟ್ಟಳು. ಬಟ್ಟೆ ನೀರು ಕುಡಿದು ಮಸಕಾಯಿತು, ಅಂಗೈ ನೋಡಿ ಪಳಗಿದ ಕಣ್ಣಿಗೆ ಅದರ ಬಣ್ಣ ಹಿಡಿಯಲಿಲ್ಲ. ಒಳಗೆ ಹೋದಳು, ಹೊರಗೆ ಬಂದಳು. ಸೌದೆ ಎಳೆದಳು, ಮತ್ತೆ ತಳ್ಳಿದಳು. ಭಯವಿತ್ತು, ಭಯಕ್ಕಿಂತ ಹೆಚ್ಚು ಸಿಟ್ಟಿತ್ತು. ಕೊನೆಗೆ ಡಬ್ಬಿ ತಂದು ಅಂಗೈಗೆ ಬಳಿದುಕೊಂಡೇಬಿಟ್ಟಳು. ತೊಟ್ಟು ಬಿಟ್ಟಳು, ಕಡುಗೆಂಪು. ಹಂಡೆಗೆ ಎರಡು ಕೊಡ ನೀರು ಸುರಿದು ಮತ್ತೆ ನೋಡಿದಳು, ತೆಳುಗೆಂಪು.

ಅಷ್ಟರಲ್ಲಿ ಅಮ್ಮಾಜಮ್ಮ ಹಿತ್ತಲಿಗೆ ಬಂದವಳು ಆ ಕೈ ನೋಡಿ, ಮೊದಲು ಸೋಪು ಹಾಕಿ ತೊಳಿ ಎಂದು ಗದರಿದಳು. ಅಕ್ಕಯಮ್ಮ ತಿಕ್ಕಿದಳು. ಸೋಪೂ ಕ್ಷಾರವೇ, ಅಂಗೈಯೆಲ್ಲ ಕುಂಕುಮ ಚೆಲ್ಲಿದ ಹಾಗೆ ಕೆಂಪಾಯಿತು.

"ನಿಂಬೆಹುಳಿ ಹಾಕಿದ್ರೆ ಮತ್ತೆ ಅರಿಶಿನವೇ ಆಗ್ತದೆ, ಅತ್ತೆಮ್ಮ. ಯಾವ್ದು ಇರ್ಲಿ, ನೀವೇ ಹೇಳಿ."

ಮುದುಕಿ ಸೊಸೆಯ ಕೈ ಹಿಡಿದು ನೋಡಿದಳು. ಬೋಳು ಮುಂಗೈ, ಸೋಡಾ ತಿಂದು ಒಡೆದ ಬೆರಳು. ಆ ಕೈ ಬಿಟ್ಟು ಹಂಡೆಯ ಕಡೆ ತಿರುಗಿದಳು.

"ಯಾರಾದ್ರೂ ಕೇಳಿದ್ರೆ ಅಮ್ಮಾಜಮ್ಮನೇ ಹಚ್ಚಿದ್ಲು ಅನ್ನು. ರೇಷ್ಮೆ ಹಂಡೆಗೆ ಇಳಿಸೇ, ನೀರು ಆರೋಗ್ತದೆ."