ಅತ್ತೆ ಮೈಕು ಹಿಡಿದ ದಿನ

ಸಮುದ್ರ ನೋಡಿದೊಡನೆ ಮನುಷ್ಯನಿಗೆ ದೊಡ್ಡ ದೊಡ್ಡ ವಿಚಾರಗಳು ಹೊಳೆಯುತ್ತವೆ ಎಂದು ಕೇಳಿದ್ದೇನೆ. ನನಗೆ ಹಾಗೇನೂ ಆಗಿಲ್ಲ. ಚಪ್ಪಲಿ ಎಲ್ಲಿ ಬಿಡುವುದು, ಪ್ಯಾಂಟು ಎಲ್ಲಿಯವರೆಗೆ ಮಡಿಸುವುದು, ಚುರುಮುರಿಯಲ್ಲಿ ಮರಳು ಸೇರಿದೆಯೋ ಹೇಗೆ, ಇಷ್ಟೇ ನನ್ನ ಚಿಂತೆ. ಹೊಳೆನರಸೀಪುರದವನಿಗೆ ಹೇಮಾವತಿಯೇ ದೊಡ್ಡ ನೀರು. ಆಚೆ ದಡವೇ ಇಲ್ಲದ ನೀರಿನ ಮುಂದೆ ನಿಂತರೆ ಕೈಯನ್ನು ಎಲ್ಲಿಡಬೇಕೆಂದೂ ತೋಚುವುದಿಲ್ಲ. ಆದರೂ ಬೇಸಿಗೆ ರಜ ಬಂತೆಂದರೆ ನಮ್ಮ ಕಡೆಯವರು ಶಿರಾಡಿ ಘಾಟಿ ಇಳಿದು ಹೋಗಿ, ಮೈಗೆಲ್ಲ ಉಪ್ಪು ಮೆತ್ತಿಸಿಕೊಂಡು, ಆ ಸೆಕೆಯನ್ನು ಬೈದುಕೊಳ್ಳುತ್ತ ವಾಪಸು ಬರುತ್ತೇವೆ. ಮರುವರ್ಷ ಮತ್ತೆ ಹೊರಡುತ್ತೇವೆ.

ತೊಂಬತ್ತರ ದಶಕದ ಕೊನೆಯ ಒಂದು ಮೇ ತಿಂಗಳಲ್ಲಿ ನಾವು ಪಣಂಬೂರಿಗೆ ಹೋದದ್ದಕ್ಕೆ ಮಾತ್ರ ಬೇರೆ ಕಾರಣವಿತ್ತು. ಹಳ್ಳಿಮೈಸೂರಿನ ಹತ್ತಿರದ ಹಳ್ಳಿಯಲ್ಲಿದ್ದ ನನ್ನ ಅತ್ತೆ ನಂಜಮ್ಮ, ಮಾವ ರಂಗೇಗೌಡರ ಸಂಗಡ ಮಾತು ಬಿಟ್ಟಿದ್ದರು. ಅತ್ತೆ ತಂಗಿಯ ಮನೆಯ ಮದುವೆಗೆಂದು ಅರಕಲಗೂಡಿಗೆ ಹೋಗಿದ್ದಾಗ ಮಾವ ಅವರನ್ನು ಒಂದು ಮಾತೂ ಕೇಳದೆ ಮನೆಯ ಹಸು ಗೌರಿಯನ್ನು ಸಂತೆಯಲ್ಲಿ ಮಾರಿಬಿಟ್ಟಿದ್ದರು. ಮಂಡಿನೋವು, ಹುಲ್ಲು ಕೊಯ್ದು ತರಲಾಗುವುದಿಲ್ಲ ಎಂಬುದು ಅವರ ವಾದ. ಅತ್ತೆ ಜಗಳವಾಡಲಿಲ್ಲ. ಕೊಟ್ಟಿಗೆಯ ಖಾಲಿ ಗೂಟ ನೋಡಿದರು, ಒಳಗೆ ಹೋದರು, ಅಷ್ಟೆ. ಅಂದಿನಿಂದ ಹೊತ್ತುಹೊತ್ತಿಗೆ ತಟ್ಟೆಗೆ ಮುದ್ದೆ ಬೀಳುತ್ತಿತ್ತು, ಬಚ್ಚಲಲ್ಲಿ ಬಿಸಿನೀರು ಕಾಯುತ್ತಿತ್ತು, ಮಾತು ಮಾತ್ರ ಇರಲಿಲ್ಲ. ನಾವು ಅವರ ಮನೆಗೆ ಹೋದ ದಿನ ನಾನೇ ಅವರಿಬ್ಬರ ಅಂಚೆಯವನು.

"ಅಳಿಯಂದ್ರೇ, ಕಾಫಿ ಆರೋಯ್ತಾ ಐತೆ ಅಂತ ಏಳಿ" ಎನ್ನುವರು ಅತ್ತೆ.

"ಕುಡೀತೀನಿ ಅಂತ ಏಳಪ್ಪ" ಎನ್ನುವರು ಮಾವ. ಇಬ್ಬರ ನಡುವೆ ಒಂದು ಮಾರು ದೂರ.

ಉಪಾಯ ಹುಡುಕಿದವಳು ನನ್ನ ಹೆಂಡತಿ ಸುಶೀಲ. "ಸಮುದ್ರಕ್ಕೆ ಕರ್ಕೊಂಡು ಹೋಗೋಣ. ಅಷ್ಟು ನೀರು ನೋಡಿದ್ರೆ ಇಬ್ರೂ ಬಾಯಿ ಬಿಡ್ತಾರೆ" ಎಂದಳು.

ಬಸ್ಸಿನಲ್ಲಿ ಅತ್ತೆ ಮುಂದೆ, ಮಾವ ಹಿಂದೆ. ದಂಡೆಯಲ್ಲಿ ಭಾನುವಾರದ ಜನಜಾತ್ರೆ. ಅತ್ತೆ ಬಹಳ ಹೊತ್ತು ಅಲೆಗಳನ್ನು ನೋಡಿ, "ಇಷ್ಟೊಂದ್ ನೀರಿದ್ರೂ ಒಂದ್ ಗದ್ದೆಗೂ ಆಗಕಿಲ್ವಲ್ಲ, ಅಳಿಯಂದ್ರೆ" ಎಂದರು. ಪಕ್ಕದಲ್ಲಿದ್ದ ಮಾವ ತಲೆಯಾಡಿಸಿದರು. ಆದರೆ ಮಾತು ತಮ್ಮ ವಿಳಾಸಕ್ಕೆ ಬಂದದ್ದಲ್ಲವೆಂದು ಕೂಡಲೇ ನೆನಪಾಗಿ ಆಚೆ ತಿರುಗಿಕೊಂಡರು.

ನಾನು ಚುರುಮುರಿ ತರಲು ಹೋದೆ. ತಾಯಿ ಮಗಳು ಕಾಲು ನೆನೆಸಲು ಹೋದರು. ಮೂವರೂ ಹಿಂತಿರುಗಿದಾಗ ಮಾವ ಇರಲಿಲ್ಲ. ಆಗಿನ್ನೂ ಜೇಬಿಗೊಂದು ಫೋನು ಬಂದಿರಲಿಲ್ಲ. ಹುಡುಕೋಣವೆಂದರೆ ಬಿಳಿ ಪಂಚೆ, ಬಿಳಿ ಷರಟಿನ ಮುದುಕರು ದಂಡೆಯ ತುಂಬ ಇದ್ದರು. ನಾನು ಹಿಂದಿನಿಂದ ಭುಜ ಮುಟ್ಟಿ "ಮಾವ" ಎಂದು ಕರೆದವರೆಲ್ಲ ಬೇರೆ ಯಾರದೋ ಮಾವಂದಿರು.

"ಬತ್ತಾರೆ ಬುಡಿ, ಎಲ್ಲಿಗೋಗ್ತಾರೆ" ಎಂದು ಅತ್ತೆ ಮೊದಲು ಗತ್ತಿನಲ್ಲೇ ಇದ್ದರು. ಅಷ್ಟರಲ್ಲಿ ಕಾವಲಿನವರು ಜೋರಾಗಿ ಸೀಟಿ ಊದಿದರು, ಜನ ನೀರಿನ ಕಡೆ ಓಡಿದರು. ತೀರ ಮುಂದೆ ಹೋಗಿದ್ದ ಯಾರೋ ತರುಣ ಬೈಸಿಕೊಂಡು ದಡಕ್ಕೆ ಬಂದ. ಆದರೆ ಅತ್ತೆಯ ಮುಖದ ಬಣ್ಣ ಆಗಲೇ ಇಳಿದುಹೋಗಿತ್ತು. ಮಾವ ಹೇಮಾವತಿಯಲ್ಲಿ ಈಜಿ ಬೆಳೆದವರು, ಆ ಜಂಬ ಅವರಿಗೆ ಜಾಸ್ತಿಯೇ ಇತ್ತು.

ಅತ್ತೆ ನನ್ನ ತೋಳು ಹಿಡಿದುಕೊಂಡರು. "ಅಳಿಯಂದ್ರೇ, ಈಜ್ತೀನಿ ಅಂತ ಇಳ್ದುಬುಟ್ರಾ?"

ಅಲ್ಲೊಂದು ಚಪ್ಪರದಲ್ಲಿ, ತಪ್ಪಿಸಿಕೊಂಡ ಮಕ್ಕಳ ಹೆಸರು ಕೂಗುವ ಮೈಕಿತ್ತು. ಮೈಕಿನವನು ಮಾವನ ಹೆಸರು, ಊರು ಎರಡನ್ನೂ ಸ್ಪಷ್ಟವಾಗಿ ಕೂಗಿದ. ಮತ್ತೆ ಕೂಗಿದ. ಯಾರೂ ಬರಲಿಲ್ಲ. ಕೊನೆಗೆ, "ನೀವೇ ಕರೀರಿ ಅಮ್ಮ. ನಿಮ್ಮ ಸ್ವರ ಕೇಳಿದ್ರೆ ಗುರ್ತ ಸಿಗ್ತದೆ" ಎಂದು ಮೈಕನ್ನು ಅತ್ತೆಯ ಕೈಗೇ ಕೊಟ್ಟ.

ಅತ್ತೆ ಗಂಡನ ಹೆಸರನ್ನು ಬಾಯಲ್ಲಿ ಹೇಳಿದವರೇ ಅಲ್ಲ. ರೇಷನ್ ಅಂಗಡಿಯಲ್ಲಿ ಕೇಳಿದರೂ ಪಕ್ಕದಲ್ಲಿದ್ದವರ ಮುಖ ನೋಡುವರು. ನಾನು ಹೈಸ್ಕೂಲಿನಲ್ಲಿ ಕನ್ನಡ ವ್ಯಾಕರಣ ಹೇಳಿಕೊಡುವವನು. ಸಂಬೋಧನಾ ವಿಭಕ್ತಿಗೆ ಅಣ್ಣನೇ, ತಮ್ಮನೇ ಎಂದು ಉದಾಹರಣೆ ಬರೆಸುತ್ತೇನೆ. ಹೆಸರು ಹೇಳದೆ, ಮಾತೂ ಬಿಟ್ಟಿರುವಾಗ, ಒಂದು ಸಮುದ್ರದ ಸದ್ದನ್ನು ಮೀರಿ ಗಂಡನನ್ನು ಕರೆಯುವುದು ಹೇಗೆಂದು ಯಾವ ವ್ಯಾಕರಣದಲ್ಲೂ ಓದಿದವನಲ್ಲ.

"ಏನೂಂದ್ರೆ..." ಎಂದರು ಅತ್ತೆ. ತಮ್ಮ ದನಿ ಆಕಾಶದಿಂದ ಬಂದದ್ದಕ್ಕೆ ಬೆಚ್ಚಿ ಮೈಕನ್ನು ದೂರ ಹಿಡಿದರು. ಆಮೇಲೆ ಎರಡೂ ಕೈಯಲ್ಲಿ ಹತ್ತಿರಕ್ಕೆ ತಂದುಕೊಂಡರು. "ಏನೂಂದ್ರೆ! ನಾನು ಕಣ್ರೀ. ಎಲ್ಲಿದ್ದೀರಿ? ನೀರ್ಗೆ ಇಳೀಬ್ಯಾಡಿ. ಗೌರೀನ ಮಾರಿದ್ದು ಓಗ್ಲಿ ಬುಡಿ, ನಂಗೇನೂ ಕ್ವಾಪ ಇಲ್ಲ. ಬನ್ನಿ ಅಂದ್ರೆ!"

ದಂಡೆಯ ಮೇಲಿದ್ದ ಎಷ್ಟೋ ಗಂಡಂದಿರು ತಿರುಗಿ ನೋಡಿದರು. ಐಸ್‌ಕ್ರೀಮಿನವನು ಗಂಟೆ ನಿಲ್ಲಿಸಿದ. ಸುಶೀಲ ಸೆರಗಿನಿಂದ ಕಣ್ಣೊರೆಸಿಕೊಂಡಳು. ಮೈಕಿನವನು ಮೈಕು ವಾಪಸು ಕೇಳಲಿಲ್ಲ.

ದೂರದಿಂದ ಒಬ್ಬರು ಪಂಚೆ ಎತ್ತಿ ಕಟ್ಟಿಕೊಂಡು, ಮಂಡಿ ಹಿಡಿದುಕೊಂಡು, ಓಡಲಾರದೆ ಓಡಿ ಬಂದರು.

"ಯಾಕಂಗ್ ಬಡ್ಕೊಂಡೆ? ಜನ ಎಲ್ಲ ಕೇಳುಸ್ಕೊಂಡ್ರು" ಎಂದರು ಮಾವ ಏದುಸಿರು ಬಿಡುತ್ತ.

"ಕೇಳುಸ್ಕೊಳ್ಳಿ. ಆವಾಗಿಂದ ಎಸ್ರಿಡ್ದು ಕೂಗ್ತಾವ್ರೆ, ಕಿವಿ ಕೇಳಕಿಲ್ವಾ?"

"ಈ ಊರ್ನಾಗೆ ನನ್ನ ಯಾರ್ ಕೂಗ್ತಾರೆ, ಬ್ಯಾರೆ ಯಾರೋ ರಂಗೇಗೌಡ ಇರ್ಬೇಕು ಅಂದ್ಕೊಂಡೆ." ಆಮೇಲೆ ಮೈಕಿಗೆ ಕೇಳಿಸದಷ್ಟು ಮೆಲ್ಲಗೆ ಹೇಳಿದರು: "ಅಲ್ಲೊಂದು ಒಂಟೆ ಐತೆ ಕಣೆ. ಕುತ್ಗೆ ಸವರುದ್ರೆ ನಮ್ ಗೌರಿ ಅಂಗೇ ಕಣ್ ಮುಚ್ಕೊಂತದೆ. ಅದುನ್ನೇ ನೋಡ್ತಾ ನಿಂತ್ಬುಟ್ಟೆ... ನಿನ್ನ ಕೇಳ್ದೆ ಮಾರಬಾರ್ದಿತ್ತು."

ಅತ್ತೆ ಸೆರಗಿನ ತುದಿಯಿಂದ ಅವರ ಹಣೆಯ ಬೆವರು ಒರೆಸಿದರು. ಆಮೇಲೆ, "ಎಲ್ಲೈತೆ, ತೋರ್ಸಿ ಬನ್ನಿ" ಎಂದರು. ಇಬ್ಬರೂ ಜೊತೆಯಾಗಿಯೇ ಒಂಟೆಯ ಕಡೆ ಹೊರಟರು. ಮರಳಲ್ಲಿ ಮಾವನ ಕಾಲು ಹೂತಾಗ ಅತ್ತೆ ಮೊಣಕೈ ಹಿಡಿದವರು ಮತ್ತೆ ಬಿಡಲಿಲ್ಲ. ಮುಂದಿನ ಯುಗಾದಿಯ ಹೊತ್ತಿಗೆ ಕೊಟ್ಟಿಗೆಗೆ ಒಂದು ಕರು ಬಂತು. ಸಂತೆಯಲ್ಲಿ ಅದನ್ನು ಆರಿಸಿದವರು ಅತ್ತೆ. ಮಾವ ಹಗ್ಗ ಹಿಡಿದು ಹಿಂದೆ ನಿಂತಿದ್ದರಂತೆ.

ಅಂದು ಅವರಿಬ್ಬರೂ ಒಂಟೆಯ ಕಡೆ ನಡೆದು ಹೋಗುವುದನ್ನೇ ನೋಡುತ್ತ ಸುಶೀಲ ನನ್ನನ್ನು ಕೇಳಿದಳು: "ನಾನು ಕಳೆದುಹೋದ್ರೆ ನೀವು ಮೈಕಲ್ಲಿ ಏನಂತ ಕರೀತೀರಿ?"

ಮದುವೆಯಾದಾಗಿನಿಂದ ಅವಳನ್ನು "ಇವಳೇ", "ನೋಡು", "ಕೇಳಿಸ್ತಾ" ಎಂದೇ ಕರೆಯುತ್ತ ಬಂದಿದ್ದೆ. "ಯೋಚನೆ ಮಾಡಿ ಹೇಳ್ತೀನಿ" ಎಂದೆ. ಅವಳು ನಕ್ಕಳು.

ಈಗ ಒಮ್ಮೊಮ್ಮೆ ಅಡಿಗೆಮನೆಯ ಬಾಗಿಲಲ್ಲಿ ನಿಂತು "ಸುಶೀಲಾ" ಎಂದು ಕರೆಯುತ್ತೇನೆ. "ಏನು?" ಎನ್ನುತ್ತಾಳೆ ಒಳಗಿನಿಂದ. ಹೇಳುವುದೇನೂ ಇರುವುದಿಲ್ಲ. ಆ ಒಂದು "ಏನು?" ಕೇಳಿಸಿತಲ್ಲ, ಅದನ್ನೇ ತೆಗೆದುಕೊಂಡು ಹೊರಗೆ ಬಂದು ಕೂರುತ್ತೇನೆ.