ಹದಿನೇಳನೇ ಮೈಕ್ರೋಸ್ಕೋಪು

ಬೆಳಗಿನ ಆರು ಗಂಟೆ. ವಿಶ್ವವಿದ್ಯಾಲಯದ ಜೀವವೈದ್ಯಕೀಯ ವಿಭಾಗದ ಮೂರನೇ ಮಹಡಿಯಲ್ಲಿ ಒಂದೇ ಒಂದು ಕೋಣೆಯ ದೀಪ ಉರಿಯುತ್ತಿದೆ. ನಿನ್ನೆ ಸಂಜೆ ಬೀಗ ಹಾಕಿದ್ದವರು ಇಲ್ಲಿನ ಹಿರಿಯ ತಂತ್ರಜ್ಞೆಯಾದ ಇವರೇ, ಈಗ ತೆಗೆದವರೂ ಇವರೇ. ಆದರೂ ಒಳಗೆ ಕಾಲಿಟ್ಟೊಡನೆ ಮೇಜನ್ನೊಮ್ಮೆ, ಕಪಾಟನ್ನೊಮ್ಮೆ, ನೆಲವನ್ನೊಮ್ಮೆ ಪೊಲೀಸರ ಹಾಗೆ ನೋಡುತ್ತಾರೆ. ಬಿಸಿನೀರಿನ ತೊಟ್ಟಿಗೆ ಒಂದಲ್ಲ, ಎರಡು ಥರ್ಮಾಮೀಟರ್ ಇಳಿಬಿಡುತ್ತಾರೆ. "ಒಂದು ಸುಳ್ಳು ಹೇಳಿದ್ರೆ ಇನ್ನೊಂದು ಹಿಡ್ಕೊಡುತ್ತೆ," ಎನ್ನುತ್ತಾರೆ. ಎರಡೂ ಸೇರಿಕೊಂಡು ಸುಳ್ಳು ಹೇಳಿದರೆ? "ಅದಕ್ಕೇ ಬೆರಳೂ ಅದ್ದಿ ನೋಡ್ತೀನಿ."

ಮೈಕ್ರೋಸ್ಕೋಪಿನ ಕೆಳಗೆ ಇಡುವ ಗಾಜಿನ ಸ್ಲೈಡ್‌ಗಳನ್ನು ಮಾಡುವುದು ಇವರ ಕೆಲಸ. ಮೇಣದೊಳಗೆ ಹುದುಗಿಸಿಟ್ಟ ಅಂಗಾಂಶದ ತುಂಡು ಈಗಷ್ಟೇ ಫ್ರಿಜ್ಜಿನಿಂದ ಹೊರಬಂದಿದೆ. ಹೊತ್ತೇರಿ ಕೋಣೆ ಕಾದರೆ ಮೇಣ ಮೆತ್ತಗಾಗಿ ಅಲಗಿಗೆ ಮೆತ್ತಿಕೊಳ್ಳುತ್ತದೆ. ಆದ್ದರಿಂದ ಕೊಯ್ಯುವ ಕೆಲಸವೆಲ್ಲ ಬೆಳಗಿನ ತಂಪಿನಲ್ಲೇ ಮುಗಿಯಬೇಕು. ಬಲಗೈ ಕೊಯ್ಯುವ ಯಂತ್ರದ ಚಕ್ರ ತಿರುಗಿಸುತ್ತದೆ, ಎಡಗೈಯಲ್ಲಿರುವ ಕುಂಚ ಅಲಗಿನಿಂದ ಇಳಿದು ಬರುವ ಪದರವನ್ನು ಹಿಡಿಯುತ್ತದೆ. ಪದರದ ದಪ್ಪ ಐದು ಮೈಕ್ರಾನ್. ಅಂದರೆ ಒಂದು ತಲೆಗೂದಲಿನ ದಪ್ಪದಲ್ಲಿ ಇಂಥ ಹದಿನಾಲ್ಕು ಪದರ ಕೂರುತ್ತವೆ. ಪದರಗಳು ಒಂದಕ್ಕೊಂದು ಅಂಟಿ ರಿಬ್ಬನ್ನಿನಂತೆ ಇಳಿಯುವಾಗ ಇವರು ಉಸಿರು ಬಿಗಿಹಿಡಿಯುತ್ತಾರೆ. ಉಸಿರು ತಾಗಿತೋ, ಅಷ್ಟೂ ಹಾರಿಹೋಯಿತು. "ಮಾತಾಡ್ಬೇಡಿ, ಸೀನ್ಬೇಡಿ, ಏನಿದ್ರೂ ಆಮೇಲೆ ಕೇಳಿ," ಎಂದು ಇವರ ಬಗ್ಗೆ ಬರೆಯಲು ಬಂದವರ ಬಾಯಿಗೂ ಬೀಗ ಹಾಕುತ್ತಾರೆ. ಸಾಲದ್ದಕ್ಕೆ ಅರ್ಧ ಗಂಟೆಗೊಮ್ಮೆ ಟಿಪ್ಪಣಿ ಪುಸ್ತಕವನ್ನು ಇಸಿದುಕೊಂಡು ಏನು ಗೀಚಿದ್ದಾರೆ ಎಂದು ಓದುತ್ತಾರೆ.

ಬೆಳಗ್ಗೆ ನಲವತ್ತು ಪದರ ಕೊಯ್ದು ಬಿಸಿನೀರಿನ ಮೇಲೆ ತೇಲಿಬಿಟ್ಟರೆ ಮಡಿಕೆ ಬೀಳದೆ, ಹರಿಯದೆ ಗಾಜಿಗೆ ಏರುವುದು ಹನ್ನೆರಡು. ಅವಕ್ಕೆ ನೀಲಿ, ಗುಲಾಬಿ ಬಣ್ಣ ಕೊಟ್ಟು, ಮೇಲೆ ತೆಳುಗಾಜು ಮುಚ್ಚಿದ ಮೇಲೆ ಇವರ ಪರಿಶೀಲನೆಯಲ್ಲಿ ಪಾಸಾಗುವುದು ಏಳೋ ಎಂಟೋ. ಕಪಾಟಿನಲ್ಲಿ ಸಾವಿರದ ಎಂಟುನೂರ ನಲವತ್ತು ಸ್ಲೈಡ್‌ಗಳಿವೆ. ಎಲ್ಲವೂ ಇವರ ಕೈಯವೇ. ಕೆಲಸಕ್ಕೆ ಸೇರಿ ಮೂವತ್ತೊಂದು ವರ್ಷವಾಯಿತು, ಮೊದಲ ಒಂಬತ್ತು ವರ್ಷ ಹಂಗಾಮಿ. ನಿವೃತ್ತಿಗೆ ಇನ್ನು ಹದಿನಾಲ್ಕು ತಿಂಗಳು. ನಿಂತು ನಿಂತು ಮೊಣಕಾಲು ಹೋಗಿದೆ, ಉಗುರಿನ ಸಂದಿಯ ಗುಲಾಬಿ ಬಣ್ಣ ಯಾವ ಸೋಪಿಗೂ ಜಗ್ಗುವುದಿಲ್ಲ. ಇಷ್ಟು ವರ್ಷದಲ್ಲಿ ಇವರ ಸೇವಾ ಫೈಲಿನಲ್ಲಿ ಒಂದೇ ಒಂದು ದೂರು, ಒಂದು ಮೆಮೊ, ಒಂದು ಎಚ್ಚರಿಕೆಯ ಕಾಗದ ಇರಲಿಲ್ಲ. ಆ ಖಾಲಿ ಫೈಲು ಇವರಿಗಿದ್ದ ಒಂದೇ ಒಂದು ಜಂಬ.

ವಿದ್ಯಾರ್ಥಿಗಳು ಇವರಿಗೆ ಇಟ್ಟ ಹೆಸರು 'ಭೂತಗನ್ನಡಿ ಅಮ್ಮ'. ಹಿಂದಿನಿಂದ ಕರೆಯುತ್ತಾರೆ, ಇವರಿಗೂ ಗೊತ್ತು. ಮನೆಯಲ್ಲಿ ದರ್ಜಿಯಾಗಿರುವ ಗಂಡ ಅಷ್ಟು ದೊಡ್ಡ ಹೆಸರಿಡುವ ಗೋಜಿಗೆ ಹೋಗಿಲ್ಲ, ಬರೀ 'ಅನುಮಾನ' ಎನ್ನುತ್ತಾರೆ. "ಒಲೆ ಆರಿಸಿದೀನಿ ಕಣೇ ಅಂದ್ರೂ ಬಂದು ಮುಟ್ಟಿ ನೋಡ್ತಾಳೆ. ಒಂದಿನ ಬೆರಳು ಸುಟ್ಕೊಂಡ್ಲು," ಎಂದು ನಗುತ್ತಾರೆ. ಹೆಂಡತಿ ಥಟ್ಟನೆ, "ಸುಟ್ಟಿದ್ದು ಯಾಕೆ ಅಂತಲೂ ಹೇಳಿ. ನೀವು ಆರಿಸಿರ್ಲಿಲ್ಲ!" ಎನ್ನುತ್ತಾರೆ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂಬ ಗಾದೆಯನ್ನು ಇವರು ಗಾದೆ ಅಂದುಕೊಂಡೇ ಇಲ್ಲ, ಸರ್ಕಾರಿ ಸುತ್ತೋಲೆ ಅಂದುಕೊಂಡಿದ್ದಾರೆ.

ಈ ಅನುಮಾನದ ಬುದ್ಧಿಯೇ ಕಳೆದ ವರ್ಷ ಇವರನ್ನು ಸಿಕ್ಕಿಸಿಹಾಕಿತು. ವಿಭಾಗದಲ್ಲಿ ಗುರುತಿಸುವ ಪರೀಕ್ಷೆ ಎಂದೊಂದು ನಡೆಯುತ್ತದೆ. ಸಾಲಾಗಿ ಮೂವತ್ತು ಮೈಕ್ರೋಸ್ಕೋಪು, ಒಂದೊಂದರಲ್ಲೂ ಒಂದು ಸ್ಲೈಡು. ಗಂಟೆ ಹೊಡೆದಾಗ ಬಗ್ಗಿ ನೋಡಬೇಕು, ಯಾವ ಅಂಗದ ತುಂಡು, ಹಾಗೆನ್ನಲು ಕಾರಣವೇನು ಎಂದು ಒಂದು ನಿಮಿಷದಲ್ಲಿ ಬರೆದು ಮುಂದಕ್ಕೆ ಸರಿಯಬೇಕು. ಫೋಕಸ್ ಮಾಡುವ ಯಾವ ತಿರುಪನ್ನೂ ಮುಟ್ಟುವಂತಿಲ್ಲ. ಆಗ ಆರು ವರ್ಷದಿಂದ ಫಲಿತಾಂಶ ನೂರಕ್ಕೆ ನೂರಿತ್ತು. ಕಾರಿಡಾರಿನಲ್ಲಿ ಅದನ್ನು ಸಾರುವ ಫಲಕವೂ ಇತ್ತು. ಇವರಿಗೆ ಆ ಫಲಕ ಕಂಡರೆ ಆಗುತ್ತಿರಲಿಲ್ಲ. "ಅರವತ್ನಾಲ್ಕು ಮಕ್ಕಳಲ್ಲಿ ಒಬ್ಬನಾದ್ರೂ ದಡ್ಡ ಇರಲ್ವಾ? ನಮ್ಮ ಮನೇಲಿ ಇರೋದು ಮೂರು ಜನ, ಅದರಲ್ಲೇ ಒಬ್ಬರಿದ್ದಾರೆ!"

ಒಂದು ಅಭ್ಯಾಸ ಪರೀಕ್ಷೆಯ ದಿನ ಇವರ ಕಣ್ಣಿಗೆ ಬಿದ್ದದ್ದು ಇಷ್ಟು: ಮಕ್ಕಳು ಬಗ್ಗುವ ಮೊದಲೇ ಬರೆಯುತ್ತಿದ್ದಾರೆ. ಮುಂದಿನ ವಾರ ಇವರು ಯಾರಿಗೂ ಹೇಳದೆ ಹದಿನೇಳನೇ ಮೈಕ್ರೋಸ್ಕೋಪಿನ ತಿರುಪನ್ನು ಒಂದು ಸುತ್ತು ತಿರುಗಿಸಿಬಿಟ್ಟರು. ಕಣ್ಣಿಟ್ಟರೆ ಬರೀ ಗುಲಾಬಿ ಮಂಜು, ಬೇರೇನೂ ಇಲ್ಲ. ಮೂರು ತಂಡಗಳಲ್ಲಿ ಅರವತ್ನಾಲ್ಕು ಮಂದಿ ಬಂದರು, ಬಗ್ಗಿದರು, ಹೋದರು. ಒಬ್ಬರೂ ಕೈಯೆತ್ತಿ, ಕಾಣುತ್ತಿಲ್ಲ ಎನ್ನಲಿಲ್ಲ. ಅರವತ್ನಾಲ್ಕು ಉತ್ತರಪತ್ರಿಕೆಯಲ್ಲೂ ಒಂದೇ ಉತ್ತರ: ಪ್ಯಾಂಕ್ರಿಯಾಸ್ (ಮೇದೋಜೀರಕ ಗ್ರಂಥಿ). ಕಾರಣ: ತಿಳಿಬಣ್ಣದ ದ್ವೀಪಗಳು ಸ್ಪಷ್ಟವಾಗಿ ಕಾಣುತ್ತಿವೆ.

"ಸ್ಪಷ್ಟವಾಗಿ ಅಂತೆ! ನಂಗೆ ನಗೂನೂ ಬಂತು, ಹೊಟ್ಟೆಯೂ ಉರೀತು," ಎನ್ನುತ್ತಾರೆ. ಗುಟ್ಟು ತಿಳಿಯಲು ಹೆಚ್ಚು ಹೊತ್ತು ಹಿಡಿಯಲಿಲ್ಲ. ಹಿರಿಯ ವಿದ್ಯಾರ್ಥಿಗಳಿಂದ ಕಿರಿಯರಿಗೆ ಒಂದು ಪಟ್ಟಿ ಇಳಿದು ಬಂದಿತ್ತು. ಅಂಚಿನಲ್ಲಿ ಓರೆ ಗೀರು ಬಿದ್ದದ್ದು ಪ್ಯಾಂಕ್ರಿಯಾಸ್, ಮೂಲೆ ಮುರಿದದ್ದು ಮೂತ್ರಪಿಂಡ, ನೀಲಿ ಚುಕ್ಕೆ ಇರುವುದು ಗುಲ್ಮ. ಹೀಗೆ ಮೂವತ್ತಕ್ಕೆ ಮೂವತ್ತು. ಮಕ್ಕಳು ಅಂಗ ಕಲಿತಿರಲಿಲ್ಲ, ಗಾಜು ಕಲಿತಿದ್ದರು. "ನಾಳೆ ಇವರೇ ಆಸ್ಪತ್ರೆ ಲ್ಯಾಬಲ್ಲಿ ಕೂರ್ತಾರೆ. ಯಾರದೋ ಹೊಟ್ಟೆಯಿಂದ ತೆಗೆದ ತುಂಡು ಮುಂದೆ ಬರುತ್ತೆ. ಅದರ ಮೇಲೆ ಗೀರು ಹಾಕಿ ಕಳಿಸ್ತಾರಾ?"

ವಿಷಯವನ್ನು ವಿಭಾಗದ ಮುಖ್ಯಸ್ಥೆಯ ಮುಂದಿಟ್ಟಾಗ ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಮುಖ್ಯಸ್ಥೆ ಇಪ್ಪತ್ತಾರು ವರ್ಷದ ಹಿಂದೆ ಇದೇ ವಿಭಾಗದಲ್ಲಿ ಓದಿದವರು, ಆಮೇಲೆ ರಕ್ತದ ರಸಾಯನಶಾಸ್ತ್ರದಲ್ಲಿ ಹೆಸರು ಮಾಡಿ ಹಿಂದಿರುಗಿದವರು. ಎರಡು ತಿಂಗಳಲ್ಲಿ ಮಾನ್ಯತೆಯ ಪರಿಶೀಲನಾ ತಂಡ ಬರಲಿತ್ತು. "ಈಗ ಇದನ್ನೆಲ್ಲ ಕೆದಕ್ಬೇಕಾ? ತಂಡ ಬಂದು ಹೋಗ್ಲಿ, ಆಮೇಲೆ ನೋಡೋಣ," ಎಂದರು. ಇವರ ಮನಸ್ಸಿನಲ್ಲಿ ಆ ಕ್ಷಣವೇ ಹುಳ ಹೊಕ್ಕಿತು: ಮೇಡಂಗೆ ಮೊದಲೇ ಗೊತ್ತಿತ್ತಾ? ಬೇಲಿಯೇ ಎದ್ದು ಹೊಲ ಮೇಯುತ್ತಿದೆಯಾ? ಅತ್ತ ಮುಖ್ಯಸ್ಥೆಗೂ ಒಂದು ಅನುಮಾನ. ಹೊಸ ಯಂತ್ರ ಕೇಳಿ ಎರಡು ಸಲ ಇಲ್ಲ ಅನ್ನಿಸಿಕೊಂಡ ಹೆಂಗಸು, ಆ ಸಿಟ್ಟನ್ನು ಹೀಗೆ ತೀರಿಸಿಕೊಳ್ಳುತ್ತಿದ್ದಾಳೋ ಏನೋ.

ಹಳೆಯ ಸ್ಲೈಡ್‌ಗಳನ್ನು ಬದಲಿಸುವುದು ಇವರ ಕೆಲಸದ ಪಟ್ಟಿಯಲ್ಲೇ ಇದೆ, ಅದಕ್ಕೆ ಯಾರ ಅಪ್ಪಣೆಯೂ ಬೇಡ. ಏಳು ವಾರ ಬೆಳಗಿನ ಆರಕ್ಕೇ ಬಂದು ಮೂವತ್ತೂ ಅಂಗಗಳ ಹೊಸ ಸ್ಲೈಡು ಮಾಡಿದರು. ಗೀರಿಲ್ಲ, ಚುಕ್ಕೆಯಿಲ್ಲ, ಮುರಿದ ಮೂಲೆಯಿಲ್ಲ. ಎಲ್ಲ ತಿರುಪುಗಳನ್ನೂ ಸರಿಯಾಗಿ ಕೂರಿಸಿ, ಮೂರು ಸಲ ನೋಡಿ, ಪರೀಕ್ಷೆಗೆ ಇಟ್ಟರು. ಆ ಸಲ ಪಾಸಾದವರು ಇಪ್ಪತ್ತಮೂರು ಮಂದಿ.

ಮಾರನೆಯ ದಿನವೇ ಮುಖ್ಯಸ್ಥೆಯ ನೋಟಿಸು ಬಂತು. ಪರೀಕ್ಷೆಗೆ ತಪ್ಪು ಸ್ಲೈಡ್‌ಗಳನ್ನು ಇಟ್ಟ ಸಂಶಯವಿದೆ, ಮೂರು ದಿನದೊಳಗೆ ಕಾರಣ ತಿಳಿಸತಕ್ಕದ್ದು, ತಪ್ಪಿದಲ್ಲಿ ಶಿಸ್ತು ಕ್ರಮ. ಮೂವತ್ತು ವರ್ಷ ಖಾಲಿಯಿದ್ದ ಫೈಲಿಗೆ ಮೊದಲ ಹಾಳೆ! "ಆ ರಾತ್ರಿ ನಮ್ಮನೆಯವರು ಒಲೆ ಆರಿಸಿದ್ರಾ ಇಲ್ವಾ ಅಂತಲೂ ನೋಡ್ಲಿಲ್ಲ ನಾನು," ಎನ್ನುತ್ತಾರೆ. ಗಂಡ, "ಬಾಯಿ ಮುಚ್ಕೊಂಡು ಇನ್ನೆರಡು ವರ್ಷ ಕಳೆದುಬಿಡು ಮಾರಾಯ್ತಿ," ಎಂದರು. ಮಗಳು ಮಾತ್ರ, "ಅಮ್ಮ, ನಿನ್ನ ಸ್ಲೈಡು ಸರಿ ಇದ್ರೆ ನೋಡು ಅಂತ ಕರಿ. ಮೇಡಂಗೂ ಕಣ್ಣಿದೆಯಲ್ಲ," ಎಂದಳು.

ಹಾಗೇ ಕರೆದರು. "ಮೇಡಂ, ನೋಟಿಸಿಗೆ ಉತ್ತರ ಬರೆಯೋಕೆ ಮೊದಲು ಒಂದ್ಸಲ ನೀವೇ ಪರೀಕ್ಷೆಗೆ ಕೂತ್ಕೊಳ್ಳಿ. ಸ್ಲೈಡಿಗೂ ಹೆಸರಿಗೂ ತಾಳೆ ಬರ್ಲಿಲ್ಲ ಅಂದ್ರೆ ನಾನೇ ಮನೆಗೆ ಹೋಗ್ತೀನಿ." ಇಷ್ಟು ಖಡಕ್ಕಾಗಿ ಮಾತಾಡುವವರನ್ನು ಕಂಡು ಮುಖ್ಯಸ್ಥೆಗೆ ಇನ್ನಷ್ಟು ಅನುಮಾನವಾಯಿತು. ಆದರೂ ಬಂದರು. ಶನಿವಾರ ಮಧ್ಯಾಹ್ನ, ಬಾಗಿಲು ಹಾಕಿ, ಕೈಯಲ್ಲಿ ಖಾಲಿ ಉತ್ತರಪತ್ರಿಕೆ ಹಿಡಿದು ಒಂದರಿಂದ ಮೂವತ್ತರವರೆಗೆ ನಡೆದರು. ಇವರು ಪಕ್ಕದಲ್ಲಿ ನಿಂತು ಮೇಡಂ ಕಣ್ಣು ಗಾಜಿನ ಅಂಚಿಗೆ ಹೋಗುತ್ತದೋ ಎಂದು ಕಾದರು.

ಇಪ್ಪತ್ತೊಂಬತ್ತು ಸರಿ. ಒಂದು ತಪ್ಪು.

"ಯಾವುದು?" ಎಂದು ಕೇಳಿದರು ಮುಖ್ಯಸ್ಥೆ.

"ಹದಿನೇಳು ಮೇಡಂ. ಜೊಲ್ಲು ಗ್ರಂಥಿ ಅಂತ ಬರೆದಿದ್ದೀರಿ. ಅದು ಪ್ಯಾಂಕ್ರಿಯಾಸ್."

ಮುಖ್ಯಸ್ಥೆ ವಾಪಸ್ಸು ಹೋಗಿ ಬಗ್ಗಿದರು. ಎರಡೂ ನೋಡಲು ಅಕ್ಕತಂಗಿಯರ ಹಾಗೆ. ಪ್ಯಾಂಕ್ರಿಯಾಸಿನಲ್ಲಿ ಮಾತ್ರ ಅಲ್ಲಲ್ಲಿ ತಿಳಿಬಣ್ಣದ ಕೋಶಗಳ ಗುಂಪುಗಳು, ಅಂದರೆ ದ್ವೀಪಗಳಿರುತ್ತವೆ. ಒಂದು ದ್ವೀಪ ಕಾಣುವ ವೃತ್ತದ ನಡುವೆಯೇ ಇತ್ತು. ಅವರು ತಲೆ ಎತ್ತಿ, ವಿದ್ಯಾರ್ಥಿನಿಯಾಗಿದ್ದಾಗ ಕರೆಯುತ್ತಿದ್ದ ಹಾಗೆ ಕರೆದರು. "ಅಕ್ಕ, ನಮ್ಮ ಕಾಲದಲ್ಲಿ ಇದಕ್ಕೊಂದು ಗೀರಿತ್ತು ಅಲ್ವಾ? ನಾನು ಈ ದ್ವೀಪಾನ ಇವತ್ತೇ ನೋಡ್ತಿರೋದು."

ಗೆದ್ದೆ ಎಂದು ಕುಣಿಯಬೇಕಾಗಿದ್ದವರು ಸ್ಟೂಲು ಎಳೆದುಕೊಂಡು ಕುಳಿತರು. ಗೀರು ಬಿದ್ದ ಆ ಸ್ಲೈಡು ಇವರದೇ. ದೇಹ ತಣ್ಣಗಾಗುತ್ತಲೇ ಪ್ಯಾಂಕ್ರಿಯಾಸ್ ತನ್ನನ್ನು ತಾನೇ ಅರಗಿಸಿಕೊಳ್ಳಲು ಶುರುಮಾಡುತ್ತದೆ, ಅದರ ಒಳ್ಳೆಯ ಸ್ಲೈಡು ಸಿಗುವುದು ಅಪರೂಪ. ಕೆಲಸಕ್ಕೆ ಸೇರಿದ ಮೊದಲ ವರ್ಷ ಶಸ್ತ್ರಚಿಕಿತ್ಸೆಯ ಕೋಣೆಯಿಂದ ನೇರ ತಂದ ತುಂಡಿನಲ್ಲಿ ಇವರು ಅದನ್ನು ಮಾಡಿದ್ದರು. ಆಗಿನ ಮುದುಕ ಪ್ರೊಫೆಸರು ನೋಡಿ, "ಇದು ಸ್ಲೈಡು ಅಂದ್ರೆ!" ಎಂದಿದ್ದರು. ಆ ಒಂದು ಮಾತಿಗೆ ಅದನ್ನು ಪರೀಕ್ಷೆಯ ಪೆಟ್ಟಿಗೆಯಿಂದ ಎಂದೂ ತೆಗೆದಿರಲಿಲ್ಲ. ಗೀರು ಬಿದ್ದಾಗಲೂ ಒರೆಸಿ ಅಲ್ಲೇ ಇಟ್ಟಿದ್ದರು. ಊರನ್ನೆಲ್ಲ ಅನುಮಾನಿಸಿದವರಿಗೆ ಸ್ವಂತ ಕೈ ಮೇಲೆ ಅನುಮಾನ ಬಂದಿರಲಿಲ್ಲ. ತನ್ನ ಬೆನ್ನು ತನಗೆ ಕಾಣದು ಎನ್ನುತ್ತಾರಲ್ಲ, ಹಾಗೆ.

ಮುಖ್ಯಸ್ಥೆ ಪರಿಶೀಲನಾ ತಂಡದ ಕೈಗೆ ಇಪ್ಪತ್ತಮೂರು ಎಂಬ ಸಂಖ್ಯೆಯನ್ನೇ ಕೊಟ್ಟರು, ಹೇಗೆ ಬಂತೆಂಬುದನ್ನೂ ಬರೆದು ಸಹಿ ಹಾಕಿದರು. ಐದು ವರ್ಷದ ಮಾನ್ಯತೆಯ ಬದಲು ಎರಡೇ ವರ್ಷ ಸಿಕ್ಕಿತು. ಮೇಲಿನವರಿಂದ ಮುಖ್ಯಸ್ಥೆ ಬೈಸಿಕೊಂಡದ್ದು ಮೂರು ಮಹಡಿಗೂ ಕೇಳಿಸಿತಂತೆ. ಕಾರಿಡಾರಿನ ಫಲಕ ಇಳಿದಿದೆ. ಈಗ ಪ್ರತಿ ಪರೀಕ್ಷೆಗೂ ಬೇರೆ ಸ್ಲೈಡು, ಸೋಮವಾರದ ತರಗತಿಯಲ್ಲಿ ಮುಖ್ಯಸ್ಥೆಯೂ ಕೊನೆಯ ಬೆಂಚಿನಲ್ಲಿ ಕುಳಿತು ಬಗ್ಗಿ ನೋಡುತ್ತಾರೆ. ಮೊನ್ನೆಯ ಪರೀಕ್ಷೆಯಲ್ಲಿ ನಲವತ್ತೊಂಬತ್ತು ಮಂದಿ ಪಾಸು. "ನೋಡೋಣ, ಎಷ್ಟು ದಿನ ನಡೆಯುತ್ತೋ. ಮಕ್ಕಳು ಹೊಸ ಪಟ್ಟಿ ಶುರು ಮಾಡಿರ್ತಾರೆ," ಎನ್ನುತ್ತ ಇವರು ಕಣ್ಣು ಕಿರಿದು ಮಾಡುತ್ತಾರೆ.

ನೋಟಿಸಿನ ಕಥೆ ಏನಾಯಿತು? ಮುಖ್ಯಸ್ಥೆ ಅದನ್ನು ಹಿಂದಕ್ಕೆ ಪಡೆದು, ಹಾಳೆಯನ್ನೇ ಫೈಲಿನಿಂದ ಕಿತ್ತುಹಾಕಲು ಹೊರಟರು. ಇವರು ಬಿಡಲಿಲ್ಲ. ಅದರ ಹಿಂದೆಯೇ ತಮ್ಮ ಉತ್ತರವನ್ನೂ ಲಗತ್ತಿಸಿದರು. ಮೂರು ಸಾಲು ಅಷ್ಟೆ: 'ಹೊಸ ಸ್ಲೈಡ್‌ಗಳು ಸರಿಯಾಗಿವೆ. ಒಂದೇ ಸ್ಲೈಡನ್ನು ಮೂವತ್ತು ವರ್ಷ ಪರೀಕ್ಷೆಗೆ ಇಟ್ಟವಳು ನಾನು. ಚೆನ್ನಾಗಿ ಮಾಡಿದ್ದೇನೆ ಎಂಬ ಜಂಬಕ್ಕೆ ಇಟ್ಟೆ.'

"ಫೈಲು ಖಾಲಿ ಉಳೀಲಿಲ್ಲ ಅಂತ ಬೇಜಾರಿಲ್ವಾ?" ಎಂದು ಕೇಳಿದರೆ, ಬರೆದುಕೊಳ್ಳುತ್ತಿರುವವರ ಪೆನ್ನನ್ನೇ ಸ್ವಲ್ಪ ಹೊತ್ತು ಗುಮಾನಿಯಿಂದ ನೋಡುತ್ತಾರೆ.

"ಇದೆ, ಯಾಕಿಲ್ಲ? ತುಂಬಾ ಇದೆ. ಆದ್ರೆ ನನ್ನ ಜಾಗಕ್ಕೆ ಬರೋರು ಮೊದಲು ಆ ಹಾಳೆ ಓದ್ಲಿ. ಆಮೇಲೆ ಕಪಾಟು ತೆಗೆದು, ನಾನು ಮಾಡಿಟ್ಟ ಸಾವಿರದ ಎಂಟುನೂರ ನಲವತ್ತನ್ನೂ ಒಂದೊಂದಾಗಿ ಅನುಮಾನದಿಂದ ನೋಡ್ಲಿ. ಅಷ್ಟು ಮಾಡಿದ್ರು ಅಂತ ಗೊತ್ತಾದ್ರೆ ಸಾಕು, ನಾನು ಮನೇಲಿ ನೆಮ್ಮದಿಯಾಗಿ ಇರ್ತೀನಿ."