ಹೊಸ ಚಿಪ್‌ಗೆ ಅತ್ತೆ ಹೊದಿಸಿದ ದುಪ್ಪಟಿ

೧೯೯೪ರ ಮಾತು. ಶಿಡ್ಲಘಟ್ಟದಲ್ಲಿ ನಾನೂ ನಮ್ಮ ಯಜಮಾನರೂ ಮನೆಯ ಮುಂದಿನ ಕೋಣೆಯಲ್ಲಿ ಕಂಪ್ಯೂಟರ್ ಕ್ಲಾಸು ನಡೆಸುತ್ತಿದ್ದೆವು. ಇದ್ದದ್ದು ಒಂದೇ ಕಂಪ್ಯೂಟರು, ಅದೂ ಹಳೆಯ ೩೮೬ ಚಿಪ್‌ನದು. ಅಷ್ಟರಲ್ಲಿ ಎದುರುಗಡೆ ಇನ್ನೊಂದು ಕ್ಲಾಸು ಶುರುವಾಗಿ, ‘ಇಲ್ಲಿ ೪೮೬ ಇದೆ’ ಎಂದು ಬೋರ್ಡು ಹಾಕಿಕೊಂಡಿತು. ನಮ್ಮ ಹುಡುಗರು ಒಬ್ಬೊಬ್ಬರಾಗಿ ರಸ್ತೆ ದಾಟಿಬಿಟ್ಟರು. ಎಲ್ಲೋ ಅಮೆರಿಕದಲ್ಲಿ ಚಿಪ್ ಕಂಪನಿಗಳು ಜಿದ್ದಿಗೆ ಬಿದ್ದರೆ ಇಲ್ಲಿ ನಮ್ಮ ಹೊಟ್ಟೆಯ ಮೇಲೆ ಹೊಡೆತ ಬೀಳುತ್ತದೆಂದು ಯಾರಿಗೆ ಗೊತ್ತಿತ್ತು?

ಆ ಜಿದ್ದಿನಿಂದಲೇ ನಮಗೊಂದು ದಾರಿಯೂ ಕಂಡಿತು. ಎದುರಾಳಿ ಚಿಪ್ ಕಂಪನಿಯೊಂದು ಇನ್ನೂ ವೇಗದ ೪೮೬ ಚಿಪ್ಪನ್ನು ಅಗ್ಗವಾಗಿ ಬಿಟ್ಟಿತ್ತು. ಇದ್ದಬದ್ದದ್ದನ್ನೆಲ್ಲ ಸುರಿದು ಇವರು ಅದನ್ನು ಹಾಕಿದ ಕಂಪ್ಯೂಟರ್ ತಂದರು. “ಇದೊಂದು ಕೈ ಹಿಡಿದ್ರೆ ಉಳ್ಕೊಂಡ್ವಿ ಕಣೇ. ಇಲ್ದಿದ್ರೆ ಬಾಗಿಲು ಮುಚ್ಚೋದೇ” ಅಂದರು.

ಒಂದು ಭಾನುವಾರ ಹುಡುಗರನ್ನೂ ಅವರ ಮನೆಯವರನ್ನೂ ನೋಡಲು ಕರೆದೆವು. ಬೆಳಗ್ಗೆಯೇ ಕಂಪ್ಯೂಟರ್ ಚಾಲೂ ಮಾಡಿಟ್ಟು ಇವರು ಅವರನ್ನು ಕರೆತರಲು ಹೋದರು. ನಾನು ಕಾಫಿಗಿಟ್ಟೆ.

ನಮ್ಮ ಅತ್ತೆ ರೇಷ್ಮೆ ಹುಳು ಸಾಕಿಯೇ ಬದುಕಿದವರು. ಅವರ ಕೈಗುಣ ಎಂದರೆ ಬೀದಿಗೆಲ್ಲ ನಂಬಿಕೆ. ಮರಿಹುಳುವಿಗೆ ಮೊದಲ ಸೊಪ್ಪು ಹಾಕಲು ಅಕ್ಕಪಕ್ಕದವರು ಅವರನ್ನೇ ಕರೆಯುತ್ತಿದ್ದರು. ಗಾಳಿ, ಧೂಳು ಸೋಕಬಾರದೆಂದು ಹುಳುವಿನ ತಟ್ಟೆಗೆ ಬಟ್ಟೆ ಮುಚ್ಚುವುದು ಅವರಿಗೆ ಅಭ್ಯಾಸ. ಅಂದು ಬೀದಿಯ ಧೂಳು ಒಳಗೆ ಬರುವುದನ್ನು ಕಂಡು ಕಿಟಕಿ ಹಾಕಿ, ದಪ್ಪ ದುಪ್ಪಟಿಯನ್ನು ಮಡಿಸಿ, ಚಾಲೂ ಇದ್ದ ಹೊಸ ಕಂಪ್ಯೂಟರಿಗೆ ಸುತ್ತಲೂ ಹೊದಿಸಿದ್ದಾರೆ. ಹಳೆಯ ಚಿಪ್ ಆಗಿದ್ದರೆ ಒಳಗಿನ ಬಿಸಿ ತಡೆದುಕೊಳ್ಳುತ್ತಿತ್ತೇನೋ. ಹೊಸದು ಎಷ್ಟು ಬಿಸಿಯಾಗುತ್ತಿತ್ತೆಂದರೆ ಅದರ ತಲೆಯ ಮೇಲೇ ಒಂದು ಪುಟ್ಟ ಫ್ಯಾನ್ ಇತ್ತು.

ಎಲ್ಲರೂ ಬಂದು ಕೂತರು. ಇವರು ದುಪ್ಪಟಿ ಎಳೆದರು. ಬಿಸಿ ಗಾಳಿ ಮುಖಕ್ಕೆ ಹೊಡೆಯಿತು, ಸುಟ್ಟ ವಾಸನೆ ಬಂತು. ಪರದೆ ಕಪ್ಪಾಗಿತ್ತು. ಏನು ಮಾಡಿದರೂ ಅದು ಮತ್ತೆ ಏಳಲಿಲ್ಲ. ಬಂದವರು ಕಾಫಿ ಕುಡಿದು ಎದ್ದರು. “ಬೇಜಾರ್ ಮಾಡ್ಕೋಬೇಡಿ ಸಾರ್, ಮಗನ ಭವಿಷ್ಯ ನೋಡ್ಬೇಕಲ್ಲ” ಎಂದು ಒಬ್ಬರು ನೇರ ಎದುರಿನ ಕ್ಲಾಸಿಗೇ ಹೋದರು.

“ಧೂಳು ಬೀಳ್ದಿರ್ಲಿ ಅಂತ ಮುಚ್ದೆ ಕಣಪ್ಪ” ಅಂದರು ಅತ್ತೆ. ಇವರು ಕಂಪ್ಯೂಟರಿನ ವೈರುಗಳನ್ನು ಬಿಚ್ಚತೊಡಗಿದರು. ಬೈದಿದ್ದರೇ ಚೆನ್ನಾಗಿತ್ತು ಎಂದು ನನಗೆ ಈಗಲೂ ಅನಿಸುತ್ತದೆ. ಬಿಸಿಗೆ ಸುಟ್ಟದ್ದನ್ನು ಬದಲಾಯಿಸಿ ಕೊಡುವುದಿಲ್ಲ ಎಂದು ಅಂಗಡಿಯವರು ಹೇಳಿದ ಮೇಲೆ ನಾವು ಕ್ಲಾಸು ಮುಚ್ಚಿದೆವು.

ಮುಂದಿನ ರೇಷ್ಮೆ ಬೆಳೆಗೆ ಪಕ್ಕದ ಮನೆಯಾಕೆ ಬಂದು, “ಸೊಪ್ಪು ಹಾಕ್ ಬಾರಕ್ಕ” ಎಂದು ಕರೆದಳು. ಅತ್ತೆ ಎರಡೂ ಕೈಗಳನ್ನು ಸೆರಗಿನೊಳಗೆ ಸೇರಿಸಿಕೊಂಡರು. “ಬ್ಯಾಡ ತಾಯಿ, ನನ್ನ ಕೈಗುಣ ಕೆಟ್ಟೋಗಿದೆ.”

“ಕೈಗುಣ ಅಲ್ಲ ಅತ್ತೆ, ಅದು ಬಿಸಿಗೆ ಸುಟ್ಟೋಗಿದ್ದು” ಎಂದೆ.

“ಬಿಸಿ ಮಾಡಿದ್ದು ಯಾರಮ್ಮ?” ಅಂದರು.

ಮುಂದೆ ಇನ್ನೂ ಹೊಸ ಚಿಪ್ ಬಂದಾಗ ಎದುರಿನ ಕ್ಲಾಸೂ ಬಾಗಿಲು ಹಾಕಿತು. ನನಗೆ ಖುಷಿಯೇನೂ ಆಗಲಿಲ್ಲ. ಅತ್ತೆ ಮಾತ್ರ ಸಾಯುವವರೆಗೂ ಹುಳು ಮುಟ್ಟಲಿಲ್ಲ.